ದೊಡ್ಡ ಊರಿನ ದಾರಿಯಲ್ಲಿ ಸಣ್ಣ ಆಸ್ಪತ್ರೆಯನ್ನು ದಾಟಿಹೋಗದಿರೋಣ

ಹನ್ನೆರಡನೆಯ ಶತಮಾನದ ಶರಣರು ದೇಹವನ್ನು ಹೀನವೆಂದು ದೂರ ತಳ್ಳಲಿಲ್ಲ. ಲಿಂಗವನ್ನು ಧರಿಸುವ ಅಂಗ, ಕಾಯಕವನ್ನು ಮಾಡುವ ಕೈ, ದಾಸೋಹಕ್ಕೆ ನಿಲ್ಲುವ ಕಾಲು ಇವೆಲ್ಲವೂ ಸಾಧನೆಯ ಉಪಕರಣಗಳೆಂದು ತಿಳಿದು, ಈ ಕಾಯಕ್ಕೆ ಪ್ರಸಾದಕಾಯವೆಂಬ ಘನತೆಯನ್ನಿತ್ತರು. ಆ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ರೋಗಿಯ ಶುಶ್ರೂಷೆಯೇ ಆತನ ಕಾಯಕ. ವೈದ್ಯದ ಪರಿಭಾಷೆಯಲ್ಲಿಯೇ ಆತನು ಅಧ್ಯಾತ್ಮವನ್ನು ನುಡಿದನು. ಪ್ರಾಣವನ್ನು ಉಳಿಸುವ ವಿದ್ಯೆಗೆ ನಮ್ಮ ಪರಂಪರೆಯಲ್ಲಿ ಎಂತಹ ಸ್ಥಾನವಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಆ ವಿದ್ಯೆ ಇಂದು ನಮ್ಮ ಹಳ್ಳಿಗಳಿಗೆ ಹತ್ತಿರದಲ್ಲಿಯೇ ಬಂದು ನಿಂತಿದೆ. ಆದರೆ ಅದರತ್ತ ನಮ್ಮ ದೃಷ್ಟಿ ಸರಿಯಾಗಿ ಬಿದ್ದಿಲ್ಲ. ಅವಘಡವೊಂದು ಸಂಭವಿಸಿದೊಡನೆ, 'ಇಲ್ಲಿ ಏನೂ ಆಗುವುದಿಲ್ಲ, ಬಳ್ಳಾರಿಗೇ ಒಯ್ಯೋಣ, ದಾವಣಗೆರೆಗೇ ಹೋಗೋಣ' ಎಂದು ವಾಹನ ಹತ್ತಿಸಿ, ಹಾದಿಯ ಬದಿಯಲ್ಲಿಯೇ ಇರುವ ಸರ್ಕಾರಿ ಆಸ್ಪತ್ರೆಯನ್ನು ದಾಟಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಉಸಿರು ನಿಲ್ಲುತ್ತಿರುವವನಿಗೆ, ರಕ್ತ ಹರಿದುಹೋಗುತ್ತಿರುವವನಿಗೆ ಒಂದು ಗಂಟೆಯ ಪ್ರಯಾಣ ಬಹಳ ದೀರ್ಘ. ಹತ್ತಿರದ ಸಣ್ಣ ಆಸ್ಪತ್ರೆ ಏನನ್ನು ಮಾಡಬಲ್ಲದು, ಯಾವುದನ್ನು ಮಾಡಲಾರದು ಎಂಬ ತಿಳಿವಳಿಕೆ ಪ್ರತಿ ಮನೆಯಲ್ಲಿಯೂ ಇರಬೇಕೆಂಬ ಉದ್ದೇಶದಿಂದ ಈ ತಿಂಗಳ ಆರೋಗ್ಯ ವಿಭಾಗವನ್ನು ಈ ವಿಷಯಕ್ಕೆ ಮೀಸಲಿರಿಸಿದ್ದೇವೆ.

ನಮ್ಮ ಸೀಮೆಯ ಅಪಾಯಗಳು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿ ಮಳೆಯಾಶ್ರಿತ ಒಕ್ಕಲುತನದ ನಾಡು. ಶೇಂಗಾ, ಜೋಳ, ಮೆಕ್ಕೆಜೋಳದ ಹೊಲಗಳು. ಅವುಗಳ ನಡುವೆ ಕಲ್ಲುಗುಡ್ಡಗಳು, ಕುರುಚಲು ಕಾಡು. ಹೊಲವಿರುವಲ್ಲಿ ಇಲಿಗಳು, ಇಲಿಗಳಿರುವಲ್ಲಿ ಹಾವುಗಳು. ಇದೇ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ನಸುಕಿನಲ್ಲಿ ಹೊಲಕ್ಕೆ ಹೊರಟವರಿಗೆ ಕರಡಿ ಎದುರಾಗುವುದು ಈ ಭಾಗಕ್ಕೆ ಹೊಸ ಸಂಗತಿಯಲ್ಲ. ಮತ್ತೊಂದೆಡೆ ಚಿತ್ರದುರ್ಗ ಮತ್ತು ಹೊಸಪೇಟೆಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 50 ಕಾನಾಹೊಸಹಳ್ಳಿ, ಕೂಡ್ಲಿಗಿಗಳ ಮೂಲಕವೇ ಹಾದುಹೋಗುತ್ತದೆ. ಹಗಲಿರುಳೆನ್ನದೆ ಓಡುವ ಲಾರಿಗಳ ಪಕ್ಕದಲ್ಲಿಯೇ ನಮ್ಮ ಜನ ಬೈಕು, ಟ್ರ್ಯಾಕ್ಟರುಗಳಲ್ಲಿ ಸಂಚರಿಸಬೇಕು.

2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಹೊಸಪೇಟೆಯೇ ಜಿಲ್ಲಾ ಕೇಂದ್ರವಾಯಿತು. ಆದರೂ ಕಠಿಣ ಚಿಕಿತ್ಸೆಗಾಗಿ ಜನರು ಇಂದಿಗೂ ನೆಚ್ಚುವುದು ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು, ದಾವಣಗೆರೆಯ ಚಿಗಟೇರಿ ಆಸ್ಪತ್ರೆಯನ್ನು, ಇಲ್ಲವೇ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯನ್ನು. ಹೊಸಹಳ್ಳಿ ಭಾಗದ ಹಳ್ಳಿಗಳಿಂದ ಇವೆಲ್ಲವೂ ದೂರದ ಊರುಗಳೇ. ಆ ದೂರವನ್ನು ರೋಗಿಯು ಜೀವಸಹಿತ ಕ್ರಮಿಸುವಂತೆ ಮಾಡುವುದೇ ಸಣ್ಣ ಆಸ್ಪತ್ರೆಯ ಮುಖ್ಯ ಕೆಲಸ.

ಸಣ್ಣ ಆಸ್ಪತ್ರೆಯ ಸ್ವರೂಪ

ಸರ್ಕಾರಿ ಆರೋಗ್ಯ ವ್ಯವಸ್ಥೆ ಮೆಟ್ಟಿಲುಮೆಟ್ಟಿಲಾಗಿ ನಿಂತಿದೆ. ಬಯಲುಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಸಮುದಾಯ ಆರೋಗ್ಯ ಕೇಂದ್ರವೆಂದರೆ ಸಾಮಾನ್ಯವಾಗಿ 30 ಹಾಸಿಗೆಗಳ ಆಸ್ಪತ್ರೆ. ಅದರ ಮೇಲೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು.

ಇಂತಹ ಸಣ್ಣ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯದು, ಸಿ.ಟಿ. ಸ್ಕ್ಯಾನ್ ಯಂತ್ರವಾಗಲಿ ಹೃದಯದ ತಜ್ಞರಾಗಲಿ ಅಲ್ಲಿ ಇರುವುದಿಲ್ಲ. ಆದರೆ ತುರ್ತು ಚಿಕಿತ್ಸೆಯ ಮೊದಲ ಹೆಜ್ಜೆಗಳಿಗೆ ಅವುಗಳ ಅಗತ್ಯವೂ ಇಲ್ಲ. ಉಸಿರಾಟದ ದಾರಿಯನ್ನು ತೆರವುಗೊಳಿಸುವುದು, ಆಮ್ಲಜನಕ ಕೊಡುವುದು, ಹರಿಯುವ ರಕ್ತವನ್ನು ನಿಲ್ಲಿಸುವುದು, ರಕ್ತನಾಳಕ್ಕೆ ಸೂಜಿ ಹಾಕಿ ಸಲೈನ್ ಏರಿಸುವುದು, ಮುರಿದ ಮೂಳೆಗೆ ಆಧಾರ ಕಟ್ಟುವುದು, ಅಪಸ್ಮಾರವನ್ನು ಹತೋಟಿಗೆ ತರುವುದು, ರಕ್ತದಲ್ಲಿ ಸಕ್ಕರೆ ಕುಸಿದಿದ್ದರೆ ಗ್ಲೂಕೋಸ್ ಕೊಡುವುದು ಇವೇ ಆ ಹೆಜ್ಜೆಗಳು. ಒಬ್ಬ ವೈದ್ಯರು, ಒಬ್ಬ ಶುಶ್ರೂಷಕಿ, ಅಗತ್ಯ ಔಷಧಗಳ ಒಂದು ಟ್ರೇ ಸಿದ್ಧವಿದ್ದರೆ ಕೆಲವೇ ನಿಮಿಷಗಳಲ್ಲಿ ಇವನ್ನು ನೆರವೇರಿಸಬಹುದು. ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಅವರಿಂದ 'ಸುವರ್ಣ ಗಂಟೆ' ಎಂಬ ಮಾತು ಪ್ರಸಿದ್ಧವಾಯಿತು. ಗಾಯಗೊಂಡವನ ಜೀವನ್ಮರಣ ಬಹುಮಟ್ಟಿಗೆ ಮೊದಲ ಗಂಟೆಯಲ್ಲಿ ದೊರೆಯುವ ಆರೈಕೆಯನ್ನು ಅವಲಂಬಿಸಿದೆ ಎಂಬುದು ಅದರ ಆಶಯ. ಆ ಗಂಟೆಯು ಹಳ್ಳಿಗಳಲ್ಲಿ ಬಹುತೇಕ ಹಾದಿಯಲ್ಲಿಯೇ ಕಳೆದುಹೋಗುತ್ತದೆ.

ಹಾವು ಕಚ್ಚಿದಾಗ

ಸಣ್ಣ ಆಸ್ಪತ್ರೆಯ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಹಾವಿನ ಕಡಿತದಲ್ಲಿ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಮಡಿದರೆಂದು 2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಗ್ರಾಮವಾಸಿಗಳು. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೇಂದ್ರ ಸರ್ಕಾರವು ಅದೇ ವರ್ಷ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿ, 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯನ್ನಿರಿಸಿಕೊಂಡಿದೆ.

ನಮ್ಮಲ್ಲಿ ಮುಖ್ಯವಾಗಿ ಪ್ರಾಣ ತೆಗೆಯುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳ ಕೆಲಸವನ್ನು ತಡೆಯುತ್ತದೆ. ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಕಚ್ಚಿದ ಭಾಗ ಊದಿಕೊಳ್ಳುತ್ತದೆ, ವಸಡುಗಳಿಂದ, ಮೂತ್ರದಲ್ಲಿ ರಕ್ತ ಕಾಣಿಸುತ್ತದೆ, ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಇವುಗಳಲ್ಲಿ ಕಟ್ಟುಹಾವು ವಿಶೇಷ ಮೋಸಗಾರ. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿಯ ಹೊತ್ತು ಕಚ್ಚುತ್ತದೆ. ನೋವು, ಬಾವು ಅಷ್ಟಾಗಿ ಇರುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ, ತೆರೆಯಲಾಗದ ಕಣ್ಣು ಇವಿಷ್ಟೇ ಕುರುಹು. ಅಜೀರ್ಣವೆಂದು ಮನೆಮದ್ದು ಮಾಡುತ್ತ ಕುಳಿತರೆ ಬೆಲೆಯುಳ್ಳ ಹೊತ್ತು ಕಳೆದುಹೋಗುತ್ತದೆ.

ಈ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಪ್ರತಿವಿಷ. ತಮಿಳುನಾಡಿನಲ್ಲಿ ಇರುಳ ಸಮುದಾಯದವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವು ಹಾವುಗಳಿಂದ ವಿಷವನ್ನು ಸಂಗ್ರಹಿಸಿ ಔಷಧ ತಯಾರಕರಿಗೆ ಒದಗಿಸುತ್ತ ಬಂದಿದೆ. ಆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ರೋಗನಿರೋಧಕ ಅಂಶದಿಂದ ಪ್ರತಿವಿಷವನ್ನು ಸಿದ್ಧಪಡಿಸುತ್ತಾರೆ. ಹಾವು ಯಾವುದೆಂದು ಗುರುತಿಸಲು ಅದನ್ನು ಕೊಂದು ತರುವ ಅವಶ್ಯಕತೆಯೇ ಇಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹಾವಿನ ಬೆನ್ನುಹತ್ತಿ ಎರಡನೆಯವರೂ ಕಚ್ಚಿಸಿಕೊಳ್ಳುವುದು ವ್ಯರ್ಥ ಸಾಹಸ.

ವಿಷವೇರಿದೆಯೇ ಎಂದು ಪರೀಕ್ಷಿಸಲು ದುಬಾರಿ ಯಂತ್ರವೂ ಬೇಡ. ಒಂದೆರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಅಲುಗಿಸದೆ 20 ನಿಮಿಷ ಇಡುತ್ತಾರೆ. ಬಳಿಕ ನಳಿಕೆಯನ್ನು ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷವೇರಿದೆಯೆಂದು ನಿರ್ಧಾರ. ಸಾಮಾನ್ಯವಾಗಿ 10 ಸೀಸೆ ಪ್ರತಿವಿಷದಿಂದ ಚಿಕಿತ್ಸೆ ಆರಂಭವಾಗುತ್ತದೆ. ಮಕ್ಕಳಿಗೂ ಹಿರಿಯರಿಗೂ ಅದೇ ಪ್ರಮಾಣ, ಏಕೆಂದರೆ ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲ. ಪ್ರತಿವಿಷ ಒಗ್ಗದೆ ಮೈಮೇಲೆ ಗಂದೆ, ಉಸಿರುಗಟ್ಟುವಿಕೆ ಕಾಣಿಸಬಹುದಾದ್ದರಿಂದ ಅಡ್ರಿನಲಿನ್ ಚುಚ್ಚುಮದ್ದನ್ನು ಪಕ್ಕದಲ್ಲಿ ಸಿದ್ಧವಿರಿಸಿಕೊಂಡಿರುತ್ತಾರೆ. ಇವೆಲ್ಲವೂ ಸಣ್ಣ ಆಸ್ಪತ್ರೆಯಲ್ಲಿಯೇ ಸಾಧ್ಯ. ಕೃತಕ ಉಸಿರಾಟದ ಯಂತ್ರ ಅಥವಾ ಡಯಾಲಿಸಿಸ್ ಬೇಕಾದಾಗ ಮಾತ್ರ ದೊಡ್ಡ ಆಸ್ಪತ್ರೆ ಅನಿವಾರ್ಯ. ಅಲ್ಲಿಗೆ ಒಯ್ಯುವಾಗಲೂ ಮೊದಲ ಸುತ್ತಿನ ಪ್ರತಿವಿಷ ಮೈಯೊಳಗೆ ಸೇರಿದ್ದರೆ ಬದುಕುಳಿಯುವ ಅವಕಾಶ ಹೆಚ್ಚು.

ಕಚ್ಚಿದ ಕೂಡಲೇ ಮಾಡಬೇಕಾದದ್ದು ಸರಳ. ವ್ಯಕ್ತಿಗೆ ಧೈರ್ಯ ಹೇಳಿ, ನಡೆಯಲು ಬಿಡದೆ, ಕಚ್ಚಿಸಿಕೊಂಡ ಕೈಯನ್ನೋ ಕಾಲನ್ನೋ ಮರದ ಪಟ್ಟಿಯ ಆಧಾರದಿಂದ ಅಲುಗಾಡದಂತೆ ಇರಿಸಬೇಕು. ಉಂಗುರ, ಬಳೆ, ಕಾಲ್ಗೆಜ್ಜೆಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಕೂಡದು. ಆಂಬುಲೆನ್ಸ್ ತಡವಾಗುವಂತಿದ್ದರೆ ಬೈಕಿನಲ್ಲಿಯಾದರೂ ಇಬ್ಬರ ನಡುವೆ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೊರಡಬೇಕು.

ಮಂತ್ರ, ತಾಯಿತ, ಬೇರುಗಳ ಮೇಲಿನ ನಂಬಿಕೆಯ ಕುರಿತೂ ಒಂದು ಮಾತು ಹೇಳಲೇಬೇಕು. 'ಇಂಥವರು ಮಂತ್ರ ಹಾಕಿದರು, ವಿಷ ಇಳಿಯಿತು' ಎಂಬ ಮಾತು ಪ್ರತಿ ಊರಿನಲ್ಲಿಯೂ ಇದೆ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷರಹಿತ. ವಿಷವುಳ್ಳ ಹಾವೂ ಪ್ರತಿ ಸಲ ಕಚ್ಚಿದಾಗ ವಿಷವನ್ನು ಬಿಡುವುದಿಲ್ಲ. ಅಂತಹ ಕಡಿತಕ್ಕೆ ಏನು ಮಾಡಿದರೂ, ಏನೂ ಮಾಡದಿದ್ದರೂ ಮನುಷ್ಯ ಬದುಕುತ್ತಾನೆ; ಕೀರ್ತಿ ಮಂತ್ರಕ್ಕೆ ಸಲ್ಲುತ್ತದೆ. ವಿಷ ನಿಜವಾಗಿ ಏರಿದವನ ಪಾಲಿಗೆ ಮಾತ್ರ ಆ ಕಾಲಹರಣ ಮಾರಕವಾಗುತ್ತದೆ. ಅರಿವನ್ನೇ ಗುರುವೆಂದು ನಂಬಿದ ಪರಂಪರೆಯ ನಾವು ಇಂತಹ ಹೊತ್ತಿನಲ್ಲಿ ಅರಿವಿನ ದಾರಿಯನ್ನೇ ಹಿಡಿಯಬೇಕು.

ಸಣ್ಣ ಆಸ್ಪತ್ರೆ ಲೋಕಕ್ಕೆ ಕಲಿಸಿದ ಪಾಠ

ಹಳ್ಳಿಯ ಆಸ್ಪತ್ರೆಯಲ್ಲಿ ಏನಾದೀತೆಂದು ಕಡೆಗಣಿಸುವವರು ಮಹಾರಾಷ್ಟ್ರದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರ ಕೆಲಸವನ್ನು ತಿಳಿಯಬೇಕು. ಕೊಂಕಣದ ಮಹಾಡ್ ಬಳಿಯ ಬಿರವಾಡಿ ಎಂಬಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾಗಿದ್ದ ಅವರು, ಕೆಂಪು ಚೇಳು ಕುಟುಕಿ ಬರುತ್ತಿದ್ದ ಬಡ ರೈತರು, ಮಕ್ಕಳು ಸಾಯುವುದನ್ನು ಕಣ್ಣಾರೆ ಕಂಡರು. ರೋಗಿಗಳ ಪಕ್ಕದಲ್ಲಿಯೇ ಇದ್ದು ನಾಡಿ, ರಕ್ತದೊತ್ತಡ, ಉಸಿರಾಟಗಳನ್ನು ಗಮನಿಸಿ ದಾಖಲಿಸಿದರು. ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆ ಚೇಳಿನ ವಿಷದಿಂದ ಹೃದಯಕ್ಕಾಗುವ ಆಘಾತವನ್ನು ತಡೆಯಬಲ್ಲದೆಂದು ತೋರಿಸಿಕೊಟ್ಟರು. 1980ರ ದಶಕದಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅವರ ಅನುಭವವನ್ನು ಪ್ರಕಟಿಸಿತು. ಆ ಚಿಕಿತ್ಸೆ ಬಳಕೆಗೆ ಬಂದ ಮೇಲೆ ಕೆಂಪು ಚೇಳಿನಿಂದಾಗುವ ಸಾವು ಬಹಳಷ್ಟು ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮ ಸೀಮೆಯಲ್ಲಿಯೂ ಚೇಳು ಕುಟುಕಿದ ಮಗುವಿಗೆ ಬೆವರು, ವಾಂತಿ, ತಣ್ಣಗಾದ ಕೈಕಾಲು, ಏದುಸಿರು ಕಂಡರೆ ಕ್ಷಣವೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

ಕೀಟನಾಶಕದ ವಿಷ

ಒಕ್ಕಲುತನದ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಕೈಗೆಟಕುವಂತೆಯೇ ಇರುತ್ತದೆ. ಸಿಂಪಡಿಸುವಾಗ ಮೈಗೆ ತಗುಲಿ, ಮಕ್ಕಳು ಅರಿಯದೆ ಕುಡಿದು, ಮನನೊಂದವರು ದುಡುಕಿ ಸೇವಿಸಿ ಅನಾಹುತಗಳಾಗುತ್ತವೆ. ಆರ್ಗನೋಫಾಸ್ಫರಸ್ ವರ್ಗದ ವಿಷ ಸೇರಿದರೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಎದೆಯಲ್ಲಿ ಕಫ ತುಂಬಿದ ಸದ್ದು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಅಟ್ರೋಪಿನ್ ಎಂಬ ಅಗ್ಗದ ಚುಚ್ಚುಮದ್ದು ಸಂಜೀವಿನಿಯಂತೆ ಕೆಲಸ ಮಾಡುತ್ತದೆ. ಎದೆಯ ಸದ್ದು ತಿಳಿಯಾಗುವವರೆಗೆ ಅದನ್ನು ಮತ್ತೆಮತ್ತೆ ಕೊಡಬೇಕಾಗುತ್ತದೆ. ಆ ಆರಂಭವನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಮಾಡಬಹುದು.

ಮನೆಯವರು ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನಕ್ಕೆ ಕೈಹಾಕಬಾರದು. ವಿಷವು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ವಿಷ ತಾಗಿದ ಬಟ್ಟೆಗಳನ್ನು ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆದು, ಎಚ್ಚರ ತಪ್ಪಿದ್ದರೆ ಎಡಮಗ್ಗುಲಾಗಿ ಮಲಗಿಸಿ ಕರೆತರಬೇಕು. ತೊಳೆಯುವವರು ತಮ್ಮ ಕೈಗಳಿಗೆ ವಿಷ ತಾಗದಂತೆ ಎಚ್ಚರ ವಹಿಸಬೇಕು. ಔಷಧದ ಡಬ್ಬಿಯನ್ನು ಜೊತೆಗೆ ತಂದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಬದುಕುಳಿದು ಬಂದವರನ್ನು ನಿಂದಿಸದೆ, ಸಂತೈಸಿ ಕಾಯುವುದು ಕುಟುಂಬದ ಹೊಣೆ. ಮನಸ್ಸಿನ ಸಂಕಟಕ್ಕೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಹೆದ್ದಾರಿಯ ಅಪಘಾತ ಮತ್ತು ದಾರಿಹೋಕರ ಭಯ

ಅಪಘಾತದ ಸ್ಥಳದಲ್ಲಿ ಜನ ಸೇರುತ್ತಾರೆ; ಆದರೆ ಗಾಯಾಳುವನ್ನು ಮುಟ್ಟಲು ಹಿಂಜರಿಯುತ್ತಾರೆ. ಪೊಲೀಸ್ ಠಾಣೆ, ನ್ಯಾಯಾಲಯಕ್ಕೆ ಅಲೆಯಬೇಕಾದೀತೆಂಬ ಭಯವೇ ಇದಕ್ಕೆ ಕಾರಣ. ಈ ಭಯಕ್ಕೆ ಇಂದು ಆಧಾರವಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾನೂನಿನ ವಿಧಿಗಳು ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸಾರಿತು. ನೆರವಾದವರಿಗೆ ರಕ್ಷಣೆ ನೀಡುವ ಕಾನೂನನ್ನು ಕರ್ನಾಟಕವು 2016ರಲ್ಲಿ ರೂಪಿಸಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿಯೂ ಈ ರಕ್ಷಣೆ ಸೇರಿದೆ. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದವರು ತಮ್ಮ ಹೆಸರನ್ನು ಹೇಳಬೇಕೆಂಬ ಒತ್ತಾಯವಿಲ್ಲ. ಅವರು ಸಾಕ್ಷಿಯಾಗುವುದು ಅವರ ಇಚ್ಛೆಗೆ ಬಿಟ್ಟದ್ದು.

ಹಣದ ಚಿಂತೆಗೂ ಪರಿಹಾರಗಳು ಬಂದಿವೆ. 2016ರಲ್ಲಿ ನೆಲಮಂಗಲದ ಬಳಿ ಭೀಕರ ಅಪಘಾತಕ್ಕೀಡಾಗಿ, ಪ್ರಾಣ ಹೋಗುವ ಹೊತ್ತಿನಲ್ಲಿಯೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡ ಯುವಕ ಹರೀಶನ ಹೆಸರಿನಲ್ಲಿ ರಾಜ್ಯ ಸರ್ಕಾರವು ಸಾಂತ್ವನ ಯೋಜನೆಯನ್ನು ಆರಂಭಿಸಿತು. ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವು ನೀಡುವುದು ಅದರ ಉದ್ದೇಶವಾಗಿತ್ತು. 2025ರಲ್ಲಿ ಕೇಂದ್ರ ಸರ್ಕಾರವು ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದಿದೆ.

ಸ್ಥಳದಲ್ಲಿ ಮಾಡಬೇಕಾದ ಕೆಲಸ ಎರಡು. ರಕ್ತ ಚಿಮ್ಮುತ್ತಿದ್ದರೆ ಶುಭ್ರವಾದ ಟವೆಲನ್ನು ಮಡಿಸಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದಿರಬೇಕು; ಮತ್ತೆಮತ್ತೆ ಎತ್ತಿ ನೋಡಬಾರದು. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ತಲೆ ಮತ್ತು ದೇಹವನ್ನು ಒಂದೇ ನೇರದಲ್ಲಿರಿಸಿ, ನಾಲ್ಕಾರು ಜನ ಸೇರಿ ಒಟ್ಟಿಗೆ ಎತ್ತಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬಾರದು. ಕರಡಿ ದಾಳಿಯಲ್ಲಿ ಗಾಯಗೊಂಡವರಿಗೂ ಇದೇ ಕ್ರಮ. ಅವರ ಗಾಯವನ್ನು ಚೆನ್ನಾಗಿ ತೊಳೆಯುವುದರ ಜೊತೆಗೆ ಧನುರ್ವಾಯು ಮತ್ತು ರೇಬೀಸ್ ವಿರುದ್ಧದ ಲಸಿಕೆಗಳು ಅಗತ್ಯವಾಗುತ್ತವೆ. ನಾಯಿ ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, 15 ನಿಮಿಷ ತೊಳೆದು ಅದೇ ದಿನ ಲಸಿಕೆ ಆರಂಭಿಸಬೇಕು. ಸುಣ್ಣ, ಅರಿಶಿನ, ಕಾರದಪುಡಿ ಮೆತ್ತುವುದು ಬೇಡ.

ಎದೆನೋವು, ಪಾರ್ಶ್ವವಾಯು, ಹೆರಿಗೆ

ಎದೆಯ ನಡುವೆ ಹಿಂಡಿದಂತಹ ನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಇವುಗಳನ್ನು ವಾಯುವೆಂದು ತಳ್ಳಿಹಾಕದೆ ಇ.ಸಿ.ಜಿ. ಮಾಡಿಸಬೇಕು. ಈ ಪರೀಕ್ಷೆ ಸಣ್ಣ ಆಸ್ಪತ್ರೆಯಲ್ಲಿಯೇ ಸಾಧ್ಯ. ಅದರ ಚಿತ್ರವನ್ನು ದೂರದ ತಜ್ಞರಿಗೆ ನಿಮಿಷಗಳಲ್ಲಿ ಕಳುಹಿಸಬಹುದು. ನಟ ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ ಹಠಾತ್ತನೆ ಅಗಲಿದ ಬಳಿಕ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಹೃದಯ ಜ್ಯೋತಿ ಯೋಜನೆಯನ್ನು ರೂಪಿಸಿದೆ. ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳ ತಜ್ಞರ ಸಲಹೆಯ ಮೇರೆಗೆ, ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದು ಅದರಡಿ ಉಚಿತವಾಗಿ ದೊರೆಯುತ್ತದೆ.

ಪಾರ್ಶ್ವವಾಯುವಿನ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಬಾಯಿ ಓರೆಯಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡಾಗ ಸಿ.ಟಿ. ಸ್ಕ್ಯಾನ್ ಆಗದ ಹೊರತು ಚಿಕಿತ್ಸೆ ನಿರ್ಧರಿಸಲಾಗದು. ಹೆಪ್ಪು ಕರಗಿಸುವ ಮದ್ದನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆದ್ದರಿಂದ ಗಡಿಯಾರ ನೋಡಿ ಸಮಯವನ್ನು ಬರೆದುಕೊಂಡು, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಹೊರಡುವುದು ಉಚಿತ. ಉಸಿರಾಟವೇ ತೊಂದರೆಯಲ್ಲಿದ್ದರೆ ಮಾತ್ರ ನಡುವೆ ನಿಲ್ಲಬೇಕು. ಮುಖಕ್ಕೆ ಎಣ್ಣೆ ತಿಕ್ಕುವುದು, ಹಸಿ ಮದ್ದಿಗಾಗಿ ಬೇರೆ ಊರಿಗೆ ಅಲೆಯುವುದು ಸಮಯವನ್ನು ನುಂಗುತ್ತವೆ.

ಹೆರಿಗೆಯ ನಂತರದ ರಕ್ತಸ್ರಾವವು ತಾಯಂದಿರ ಪ್ರಾಣಕ್ಕೆ ಎರವಾಗುವ ಮುಖ್ಯ ಕಾರಣಗಳಲ್ಲೊಂದು. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಇವೆರಡೂ ಸಣ್ಣ ಆಸ್ಪತ್ರೆಯಲ್ಲಿ ಬಳಸಬಹುದಾದ ಮದ್ದುಗಳು. ಮನೆಯ ಹೆರಿಗೆಯಲ್ಲಿ ಇವು ದೊರೆಯುವುದಿಲ್ಲ ಎಂಬುದೊಂದೇ ಆಸ್ಪತ್ರೆಯ ಹೆರಿಗೆಗೆ ಸಾಕಾದ ಕಾರಣ.

108ಕ್ಕೆ ಕರೆ ಮಾಡುವಾಗ

ಆರೋಗ್ಯ ಕವಚ 108 ಸೇವೆಯು ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಕರೆ ಉಚಿತ, ಪ್ರಯಾಣವೂ ಉಚಿತ. ಹೆದ್ದಾರಿಯಲ್ಲಾದರೆ 1033, ಎಲ್ಲ ಬಗೆಯ ತುರ್ತಿಗೂ 112 ಸಂಖ್ಯೆಗಳಿವೆ. ಕರೆ ಮಾಡುವಾಗ ನಮ್ಮ ಭಾಗದವರು ಮರೆಯಬಾರದ ಸಂಗತಿಯೊಂದಿದೆ. ಹೊಸಹಳ್ಳಿ ಎಂಬ ಹೆಸರಿನ ಊರುಗಳು ನಾಡಿನ ಉದ್ದಗಲಕ್ಕೂ ಹರಡಿವೆ. ಬರೀ 'ಹೊಸಹಳ್ಳಿ' ಎಂದರೆ ವಾಹನ ದಾರಿ ತಪ್ಪೀತು. 'ವಿಜಯನಗರ ಜಿಲ್ಲೆ, ಕೂಡ್ಲಿಗಿ ತಾಲ್ಲೂಕು, ಕಾನಾಹೊಸಹಳ್ಳಿ' ಎಂದು ಪೂರ್ತಿ ಹೇಳಿ, ಬಳಿಕ ಶಾಲೆ, ದೇವಸ್ಥಾನ, ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಗುರುತನ್ನು ತಿಳಿಸಬೇಕು. ಎಷ್ಟು ಜನ, ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ ಎಂಬುದನ್ನು ಹೇಳಿ, ಅವರೇ ಮುಗಿಸುವವರೆಗೆ ಕರೆಯನ್ನು ಕಡಿಯಬಾರದು. ರಾತ್ರಿಯಾದರೆ ಊರ ಮುಂದಿನ ರಸ್ತೆಯಲ್ಲಿ ಒಬ್ಬರು ಬ್ಯಾಟರಿ ಹಿಡಿದು ನಿಂತಿರಲಿ.

'ಮುಂದಕ್ಕೆ ಒಯ್ಯಿರಿ' ಎಂದಾಗ

ಸಣ್ಣ ಆಸ್ಪತ್ರೆಯ ವೈದ್ಯರು ಚಿಕಿತ್ಸೆ ನೀಡಿ ಮೇಲಿನ ಆಸ್ಪತ್ರೆಗೆ ಕಳುಹಿಸಿದರೆ 'ಕೈಬಿಟ್ಟರು' ಎಂದು ಭಾವಿಸುವುದು ಸಲ್ಲದು. ತಮ್ಮ ಮಿತಿಯನ್ನು ಅರಿತು ಸಕಾಲದಲ್ಲಿ ಕಳುಹಿಸುವುದೂ ಚಿಕಿತ್ಸೆಯ ಭಾಗವೇ. ಆ ಹೊತ್ತಿನಲ್ಲಿ ನಾಲ್ಕು ಸಂಗತಿಗಳನ್ನು ವಿನಯದಿಂದ ಕೇಳಿ ತಿಳಿಯಬೇಕು: ಈವರೆಗೆ ಕೊಟ್ಟ ಔಷಧ ಮತ್ತು ಸಮಯವನ್ನು ಬರೆದ ಚೀಟಿ ಸಿದ್ಧವಿದೆಯೇ, ಯಾವ ಆಸ್ಪತ್ರೆಗೆ ಹೋಗಬೇಕು, ಅಲ್ಲಿಗೆ ದೂರವಾಣಿಯಲ್ಲಿ ತಿಳಿಸಲಾಗಿದೆಯೇ, ಹಾದಿಯಲ್ಲಿ ಆಮ್ಲಜನಕ ಬೇಕಾಗುವುದೇ. ಈ ಚೀಟಿಯಿಲ್ಲದೆ ಹೋದರೆ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ದುಃಖದ ಆವೇಶದಲ್ಲಿ ವೈದ್ಯರ, ಶುಶ್ರೂಷಕಿಯರ ಮೇಲೆ ಕೈಮಾಡುವ ಘಟನೆಗಳನ್ನು ಆಗಾಗ ಓದುತ್ತೇವೆ. 2009ರ ರಾಜ್ಯ ಕಾಯ್ದೆಯ ಪ್ರಕಾರ ಅದು ಶಿಕ್ಷಾರ್ಹ ಅಪರಾಧ. ಹಲ್ಲೆಯಾದ ಊರಿನಲ್ಲಿ ರಾತ್ರಿ ಪಾಳಿಗೆ ಉಳಿಯಲು ಯಾವ ವೈದ್ಯರು ತಾನೇ ಒಪ್ಪಿಯಾರು? ನಷ್ಟ ಕೊನೆಗೆ ನಮ್ಮದೇ. ಕೊರತೆಗಳಿದ್ದರೆ ಅವನ್ನು ಎತ್ತಿ ಹೇಳಲು ಆರೋಗ್ಯ ರಕ್ಷಾ ಸಮಿತಿಯಂತಹ ವೇದಿಕೆಗಳಿವೆ. ಪ್ರತಿವಿಷ ದಾಸ್ತಾನಿದೆಯೇ, ರಾತ್ರಿ ಪಾಳಿಯಲ್ಲಿ ವೈದ್ಯರಿರುತ್ತಾರೆಯೇ, ಆಮ್ಲಜನಕದ ಸಿಲಿಂಡರ್ ತುಂಬಿದೆಯೇ, ಜನರೇಟರ್ ಕೆಲಸ ಮಾಡುತ್ತದೆಯೇ ಎಂದು ಅವಘಡಕ್ಕೆ ಮುನ್ನ, ಸಮಾಧಾನದ ದಿನಗಳಲ್ಲಿ ಕೇಳುವುದು ಜಾಗೃತ ನಾಗರಿಕರ ಕರ್ತವ್ಯ. ಒಂದು ಆಸ್ಪತ್ರೆಯನ್ನು ಎಲ್ಲರೂ ದಾಟಿಹೋದರೆ ಅಲ್ಲಿನ ಔಷಧ ಅವಧಿ ಮೀರುತ್ತದೆ, ಸಿಬ್ಬಂದಿಯ ಕೈ ಮರೆಯುತ್ತದೆ. ಬಳಸಿದಷ್ಟೂ, ಪ್ರಶ್ನಿಸಿದಷ್ಟೂ ಅದು ಗಟ್ಟಿಯಾಗುತ್ತದೆ.

ಜಾತ್ರೆ, ಮಠ ಮತ್ತು ಭಕ್ತರ ಹೊಣೆ

ನಮ್ಮ ಸೀಮೆ ಜಾತ್ರೆಗಳ ಸೀಮೆಯೂ ಹೌದು. ಕೊಟ್ಟೂರಿನ ಗುರು ಬಸವೇಶ್ವರರ ರಥೋತ್ಸವಕ್ಕೆ, ಉಜ್ಜಿನಿಯ ಮರುಳಸಿದ್ಧೇಶ್ವರರ ಸನ್ನಿಧಿಗೆ, ಮೈಲಾರದ ಕಾರಣಿಕಕ್ಕೆ ಅಪಾರ ಜನಸ್ತೋಮ ಸೇರುತ್ತದೆ. ಅನೇಕರು ಪಾದಯಾತ್ರೆಯಲ್ಲಿಯೇ ಬರುತ್ತಾರೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಉರುಳಿ ಹಲವರು ಗಾಯಗೊಂಡದ್ದನ್ನು ನಾವಾರೂ ಮರೆತಿಲ್ಲ. ಜನದಟ್ಟಣೆಯ ನಡುವೆ ಆಂಬುಲೆನ್ಸಿಗೆ ದಾರಿ ಇರಲೇಬೇಕೆಂಬ ಪಾಠವನ್ನು ಅಂತಹ ದಿನಗಳು ಕಲಿಸುತ್ತವೆ. ಪ್ರತಿ ಜಾತ್ರೆಯಲ್ಲಿಯೂ ಒಂದು ಬೀದಿಯನ್ನು ಅಂಗಡಿ, ವಾಹನಗಳಿಂದ ಮುಕ್ತವಾಗಿರಿಸುವುದು, ಪ್ರಥಮ ಚಿಕಿತ್ಸೆಯ ಮಂಟಪ ತೆರೆಯುವುದು, ಹತ್ತಿರದ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸುವುದು ತೇರಿನ ಹಗ್ಗವನ್ನು ಪರೀಕ್ಷಿಸುವಷ್ಟೇ ಮುಖ್ಯವಾದ ಸಿದ್ಧತೆ.

ಅನ್ನದಾಸೋಹ, ಅಕ್ಷರದಾಸೋಹಗಳನ್ನು ಮಠಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಭಕ್ತರು ಇನ್ನೊಂದು ದಾಸೋಹಕ್ಕೂ ಕೈಜೋಡಿಸಬಹುದು. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ ಆರೋಗ್ಯವಂತರು ರಕ್ತದಾನ ಮಾಡಬಹುದು. ಪುರುಷರು 3 ತಿಂಗಳಿಗೊಮ್ಮೆ, ಮಹಿಳೆಯರು 4 ತಿಂಗಳಿಗೊಮ್ಮೆ. ಪ್ರತಿ ಊರಿನಲ್ಲಿ ಹತ್ತು ಮಂದಿ ಯುವಕ ಯುವತಿಯರು ಪ್ರಥಮ ಚಿಕಿತ್ಸೆಯನ್ನೂ, ನಿಂತ ಹೃದಯಕ್ಕೆ ಎದೆಯೊತ್ತಿ ಚಾಲನೆ ನೀಡುವ ವಿಧಾನವನ್ನೂ ಕಲಿಯಲಿ. ರಾತ್ರಿ ಹೊತ್ತು ವಾಹನ ಕೊಡಬಲ್ಲವರ, ಆಶಾ ಕಾರ್ಯಕರ್ತೆಯ, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಊರ ಕಟ್ಟೆಯ ಗೋಡೆಗೆ ಹಚ್ಚಲಿ. ನೆಲದ ಮೇಲೆ ಮಲಗುವವರಿಗೆ ಮಂಚ, ಸೊಳ್ಳೆಪರದೆ, ಕತ್ತಲಲ್ಲಿ ಹೊಲಕ್ಕೆ ಹೋಗುವವರಿಗೆ ಬೂಟು ಮತ್ತು ಬ್ಯಾಟರಿ ಕೊಡಿಸುವುದೂ ಸತ್ಕಾರ್ಯವೇ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಈ ಸಂಚಿಕೆಯನ್ನು ಓದಿ ಮುಗಿಸಿದ ವಾರದೊಳಗೆ ನಿಮ್ಮ ಊರಿಗೆ ಅತಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿರಿ. ರಾತ್ರಿಯಲ್ಲಿ ಯಾವ ಬಾಗಿಲು ತೆರೆದಿರುತ್ತದೆ, ಹಾವು ಕಚ್ಚಿದರೆ ಪ್ರತಿವಿಷ ಅಲ್ಲಿಯೇ ದೊರೆಯುತ್ತದೆಯೇ ಎಂಬೆರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಮನೆಮಂದಿಗೆಲ್ಲ ತಿಳಿಸಿರಿ. ಆಪತ್ತು ಬಂದ ರಾತ್ರಿ ಯಾರೂ ದಾರಿ ಹುಡುಕುತ್ತ ನಿಲ್ಲುವಂತಾಗದಿರಲಿ. ಎಲ್ಲರಿಗೂ ಆಯುರಾರೋಗ್ಯ ಲಭಿಸಲಿ.